ಮೂರನೆಯ ಚೌಕ

ಗೋಣಿಕೊಪ್ಪದಾಚೆ, ಹಳೆ ಪಲ್ಪರ್ ಶೆಡ್ಡಿನ ಪಕ್ಕದ ಕೋಣೆಯಲ್ಲಿ
ನನ್ನ ಕೆಲಸ ಇಷ್ಟೇ:
ಕಂಪ್ಯೂಟರ್ ಒಂದು ಮಾತು ಹೇಳುತ್ತದೆ,
ಅದಕ್ಕೆ ಮೊಹರು ಹಾಕಬಹುದೇ ನೋಡುವುದು.

ಕಾಯಿಕೊರಕಕ್ಕೆ ಹೊಸ ಮದ್ದು ಬಂದಿದೆ.
ಇಲ್ಲಿ ಎಲ್ಲಕ್ಕೂ ಅದೇ ಪದ.
ಕಕ್ಕಡ ಹದಿನೆಂಟರ ಸೊಪ್ಪು ಮದ್ದು,
ಕೋವಿಗೆ ಜಡಿಯುವುದು ಮದ್ದು,
ಬೆನ್ನಿನ ಕ್ಯಾನಿನಲ್ಲಿ ಕುಲುಕುವುದೂ.
ಅದಕ್ಕೇ ಮೊದಲು ಕೇಳುತ್ತೇನೆ:
ವಿಷವಲ್ಲ ಅಂದೆಯಲ್ಲ, ಯಾರಿಗೆ?
ಇಲಿಗೋ, ಮೀನಿಗೋ, ತುಡುವೆ ಜೇನಿಗೋ?
ಎಷ್ಟು ಒಳಹೋದರೆ, ಎಷ್ಟು ದಿನಕ್ಕೆ?

ಯಂತ್ರದ ಉತ್ತರ ಚೊಕ್ಕ:
ಅಪಾಯ ಕಡಿಮೆ. ಬಿಂದುವಿನ ನಂತರ ಮೂರು ಅಂಕಿ.
ಆ ಮೂರನೆಯ ಅಂಕಿಯ ಮೇಲೇ ನನಗೆ ಗುಮಾನಿ.

ಇದು ಕಲಿತದ್ದೆಲ್ಲಿ ಎಂದು ಕಡತ ಬಿಚ್ಚಿದೆ.
ನಾನೂರ ಹನ್ನೆರಡು ಅಣುಗಳು,
ಮುಕ್ಕಾಲು ಪಾಲು ಒಂದೇ ಒಕ್ಕದವು,
ಮೂಗು ನೋಡಿ ಮನೆಹೆಸರು ಹೇಳಬಹುದು.
ಓದಿದ್ದನ್ನೇ ಕೇಳಿದರೆ ನೂರಕ್ಕೆ ತೊಂಬತ್ತಾರು.
ಬಚ್ಚಿಟ್ಟಿದ್ದ ನಲವತ್ತನ್ನು ಮುಂದಿಟ್ಟೆ,
ಇಪ್ಪತ್ತಾರು ಸರಿ.
ಉಳಿದ ಹದಿನಾಲ್ಕನ್ನೂ
ಅದೇ ಗಟ್ಟಿ ದನಿಯಲ್ಲಿ ಹೇಳಿತು.

ಹೊಸ ಅಣುವಿಗೋ ಗಂಧಕದ ಪಕ್ಕ ಮೂರು ಫ್ಲೋರಿನ್,
ಆ ಒಕ್ಕದಲ್ಲಿ ಯಾರಿಗೂ ಇಲ್ಲದ ಮುಖ.

ನಮ್ಮ ತೋಟದಂಚಿಗೆ ಒಂದು ಕಡಂಗವಿದೆ.
ಯಾವ ಕಾಲದಲ್ಲಿ ಅಗೆದರೋ, ಈಗ ಜರಿಗಿಡ ತುಂಬಿದೆ.
ಇಲ್ಲಿಯತನಕ ನಮ್ಮದು ಎಂದು ಮಣ್ಣೇ ಹೇಳುತ್ತದೆ,
ಆಚೆ ನಿಂತು ಯಜಮಾನಿಕೆ ಮಾಡಿದರೆ
ನಾಯಿಯೂ ಕಿವಿಗೊಡುವುದಿಲ್ಲ.
ಲೆಕ್ಕಕ್ಕೂ ಅಂಥದೊಂದು ಬೇಕು.
ಇದನ್ನು ಕಟ್ಟಿದವರು ಅಗೆದಿರಲಿಲ್ಲ.

ಹೊರಗೆ ನಲ್ಲಿಯ ಕೆಳಗೆ ತೋಲ ಕ್ಯಾನು ತೊಳೆಯುತ್ತಿದ್ದ.
ಎಡ ಅಂಗೈಯ ಚರ್ಮ
ಎರಡು ಮಳೆಗಾಲದಿಂದ ಸುಲಿಯುತ್ತಿದೆ,
ಯಾವ ಮದ್ದಿನಿಂದ ಎಂದು ಯಾರೂ ಬರೆದಿಟ್ಟಿಲ್ಲ,
ಆ ನಾನೂರ ಹನ್ನೆರಡರಲ್ಲಿ ಆ ಕೈ ಇಲ್ಲ.
'ಹೊಸದು ಹೇಗಂತೆ ಅಕ್ಕ?'
'ಅದಕ್ಕೆ ಗೊತ್ತಿಲ್ಲ' ಎಂದೆ.
'ಹಾಗಂತ ಅದೇ ಹೇಳಿತಾ?'
ಇಲ್ಲ, ಹೇಳಲಿಲ್ಲ. ಅದೇ ತೊಂದರೆ.
'ಕೋಲು ಇಳಿಸದೆ ನಾನು ಹೊಳೆಯ ಆಳ ಹೇಳುವುದಿಲ್ಲ'
ಎಂದು ನೀರು ಕೊಡವಿ ಹೋದ.

ಸಂಜೆ ಕಂಪನಿಯ ಕುಶಾಲಪ್ಪನವರ ಫೋನು:
'ಹೌದೋ ಅಲ್ಲವೋ, ಒಂದು ಹೇಳಿಬಿಡಿ ಮೇಡಂ,
ಸಿಂಪಡಿಸುವ ತಿಂಗಳು ದಾಟುತ್ತಿದೆ.'

ವರದಿಯ ಕೊನೆಯ ಪುಟದಲ್ಲಿ ಎರಡೇ ಚೌಕ:
ಸುರಕ್ಷಿತ. ಅಪಾಯಕಾರಿ.
ಸ್ಕೇಲು ಸಿಗಲಿಲ್ಲ.
ಗುರುತಿನ ಚೀಟಿಯ ಅಂಚು ಹಿಡಿದು
ಮೂರನೆಯದೊಂದು ಎಳೆದೆ, ತುಸು ಸೊಟ್ಟಗೆ.
ಅದರಲ್ಲಿ ಸರಿ ಗುರುತು ಹಾಕಿದೆ.