ಹದಿನಾಲ್ಕನೇ ಪುಟ

ಬುಧವಾರ. ಟೊಲೀಡೊದಲ್ಲಿ ಹೊಸ ಕಾಮಿಕ್ಸ್ ಬರುವ ದಿನ.
ಥ್ಯಾಡ್ ವೊಯ್ಟಾಸಿಕ್ ಡಬ್ಬದ ಟೇಪು ಹರಿಯುವ ಸದ್ದಿಗೆ
ರಾತ್ರಿಪಾಳಿಯ ನನ್ನ ಕಣ್ಣು ತಾನಾಗಿ ತೆರೆಯುತ್ತದೆ.
"ಇಲೊಂಕಾ, ಒಂದು ಪುಟ ಬರೆದುಕೊಡು,
ಕೌಂಟರಿನ ಮೇಲೆ ಅಂಟಿಸುತ್ತೇನೆ. ಬೈದರೂ ಸರಿ,
ಬೈದದ್ದೇ ಹೆಚ್ಚು ಖರ್ಚಾಗುವುದು."

ಹಾಗಾಗಿ ಬರೆಯುತ್ತಿದ್ದೇನೆ.

ಹೆಸರು: ಲಿಫ್ಟಿನವಳು. ಸಂಚಿಕೆ ಒಂದು.
ಇಪ್ಪತ್ತೆರಡು ಪುಟ, ಜಾಹೀರಾತು ಬಿಟ್ಟು.
ಕ್ಯಾಪ್ಟನ್ ಮಧ್ಯಾಹ್ನನ ದೊಡ್ಡ ಸರಣಿಯಿಂದ
ಒಡೆದ ಕವಲು. ಅದರ ನೂರಾ ಹನ್ನೆರಡನೇ ಸಂಚಿಕೆಯಲ್ಲಿ
ಸೇತುವೆ ಕುಸಿದಾಗ ಅವನು ಎತ್ತಿ ದಡಕ್ಕಿಟ್ಟ
ಒಂಬತ್ತು ಮಂದಿಯಲ್ಲಿ ಈಕೆ ಏಳನೆಯವಳು.
ಮೂರೇ ಚೌಕ. ಮಾತು ಒಂದೇ: "ನನ್ನ ಎಡಗಾಲಿನ ಬೂಟು."
ಆಗಲೇ ಇಷ್ಟವಾಗಿದ್ದಳು.
ಜೀವ ಉಳಿಯಿತೆಂದು ಉಳಿದ ಎಂಟೂ ಮಂದಿ ಅಳುವಾಗ
ಹೊಳೆಪಾಲಾದ ಬೂಟು ನೆನೆದವಳು.

ಈಗ ಅವಳಿಗೊಂದು ಹೆಸರಿದೆ, ವರ್ಡೆಲ್ ಟಿಬ್ಸ್.
ಆಸ್ಪತ್ರೆಯೊಂದರ ಹಳೇ ಲಿಫ್ಟು ನಡೆಸುತ್ತಾಳೆ.
ಶಕ್ತಿ ಏನೆಂದರೆ
ಅವಳು ಉಸಿರು ಬಿಗಿಹಿಡಿದಷ್ಟು ಹೊತ್ತು
ಬೀಳುವುದು ಯಾವುದೂ ಬೀಳುವುದಿಲ್ಲ.
ಅಷ್ಟೇ. ಹಾರಾಟವಿಲ್ಲ, ಗೋಡೆ ಒಡೆಯುವುದಿಲ್ಲ.
ಹೆಚ್ಚೆಂದರೆ ನಲವತ್ತೊಂದು ಸೆಕೆಂಡು. ಸಾಲದ್ದಕ್ಕೆ ಉಬ್ಬಸ.
ಈ ಉಬ್ಬಸ ಕೊಟ್ಟ ಕತೆಗಾರ ಯಾರೋ,
ನನ್ನ ಲೆಕ್ಕದಲ್ಲಿ ಅವನಿಗೊಂದು ಕಾಫಿ.

ಇನ್ನು ಬೈಗುಳ.
ಎಂಟನೇ ಪುಟ: ಟ್ರೇ ಬಿತ್ತು, ಸಾರು ಗಾಳಿಯಲ್ಲೇ ನಿಂತಿತು.
ಆದರೆ 'ಢಣ್' ಎಂಬ ಹಳದಿ ಅಕ್ಷರ ಎಷ್ಟು ದಪ್ಪವೆಂದರೆ
ನಿಂತ ಸಾರು ಅದರ ಹಿಂದೆ ಎಲ್ಲೋ ಇರಬೇಕು.
ಖಳನ ವಿಷಯ ಕೇಳಬೇಡಿ, ಅವನಿಗೇ ಏನೂ ಗೊತ್ತಿಲ್ಲ.
ಹತ್ತೊಂಬತ್ತನೇ ಪುಟ: ಲಿಫ್ಟಿನ ಹಗ್ಗ ಹರಿದಿದೆ.
ಆರು ರೋಗಿಗಳಲ್ಲಿ ಐವರು ದಾಟಿಯಾಯಿತು,
ಆರನೆಯವರ ಒಂದು ಕಾಲು ಹೊಸ್ತಿಲ ಮೇಲೆ,
ವರ್ಡೆಲಳ ಕೆನ್ನೆ ಉಬ್ಬಿ ನೀಲಿಗಟ್ಟಿದೆ.
ಇನ್ನೊಂದೇ ಕಾಲು! ಅಷ್ಟರಲ್ಲಿ
ಸೂರು ಸೀಳಿಕೊಂಡು ಬರುತ್ತಾನೆ ಮಧ್ಯಾಹ್ನ.
ಎರಡು ಪುಟಗಳ ಉದ್ದಕ್ಕೂ ಅವನದೇ ನಿಲುವಂಗಿ,
ಅವನದೇ ಹಲ್ಲು.
ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರಲ್ಲ,
ಕತೆಗಾರ ಕೊಟ್ಟದ್ದನ್ನು ಸಂಪಾದಕ ಕಿತ್ತುಕೊಂಡ.

"ಅವನಿಲ್ಲದೆ ಇದನ್ನು ಯಾರು ಮುಟ್ಟುತ್ತಾರೆ, ಮಿಸ್ ಇಲೊಂಕಾ?"
ಅಂಗಡಿಯ ಹುಡುಗ ಮಾರ್ಕೆಲ್ ಕೇಳುತ್ತಾನೆ.
ಸುಮ್ಮನಾದೆ. ಮುಖಪುಟದ ಮೂಲೆಯಲ್ಲಿ
ಆ ಹಲ್ಲು ಕಂಡೇ ನಾನೂ ಕೈಚಾಚಿದ್ದು.

ಹದಿನಾಲ್ಕನೇ ಪುಟವನ್ನು ಬೇಕೆಂದೇ ದಾಟಿ ಬಂದೆ.
ಮಾತಿಲ್ಲ. ಆರು ಚೌಕ. ಪಾಳಿ ಮುಗಿಸಿದ ವರ್ಡೆಲ್
ಹಿಮದಲ್ಲಿ ಕೊನೇ ಬಸ್ಸಿಗೆ ಓಡುತ್ತಾಳೆ, ಊಟದ ಡಬ್ಬಿ ಕಂಕುಳಲ್ಲಿ.
ಚಿತ್ರಕಾರ ಜನ್ಮದಲ್ಲಿ ಬಸ್ಸು ಓಡಿಸಿದವನಲ್ಲ:
ಬಲಗನ್ನಡಿ ಎಲ್ಲಿರಬಾರದೋ ಅಲ್ಲಿದೆ,
ಸ್ಟೀರಿಂಗು ತಿಂಡಿತಟ್ಟೆಯಷ್ಟು,
ಚಾಲಕನ ಪಾದ ಬ್ರೇಕಿನ ಮೇಲಿಲ್ಲ,
ಎಲ್ಲೂ ಇಲ್ಲ.
ಇಪ್ಪತ್ಮೂರು ವರ್ಷ ಮೌಮಿ ನದಿಯ ಆಚೆಗೆ ಈಚೆಗೆ
ಜನರನ್ನು ದಾಟಿಸಿದವಳಿಗೆ
ಇದು ಕಣ್ಣಲ್ಲಿ ಕಸ.

ಆದರೆ ನಾಲ್ಕನೇ ಚೌಕ.
ಬಸ್ಸು ಹೊರಟಿಲ್ಲ.
ಬಾಗಿಲು ತೆರೆದೇ ಇದೆ, ಒಳಗಿನ ಬೆಳಕು
ಹಿಮದ ಮೇಲೆ ಚಾಪೆಯ ಹಾಗೆ ಬಿದ್ದಿದೆ.
ಚಾಲಕನಿಗೆ ಮುಖ ಬರೆದಿಲ್ಲ, ಟೋಪಿ ಮಾತ್ರ,
ಗಡಿಯಾರದಿಂದ ಆಚೆ ತಿರುಗಿದ ಟೋಪಿ.

ಇದು ಸರಿಯಾಗಿದೆ.
ಹೀಗೇ ಕಾಯುವುದು, ಉಸಿರು ಹಿಡಿದು,
ಕಚೇರಿಯ ಪರದೆಯಲ್ಲಿ ನಮ್ಮ ನಂಬರು ಕೆಂಪಾಗುವ ತನಕ,
ಓಡಿ ಬರುವವಳು ಜಾರದಿರಲಿ ಎಂದು.
ಎಷ್ಟು ಸೆಕೆಂಡು? ನಾನು ಎಣಿಸಿದವಳಲ್ಲ.

ಥ್ಯಾಡ್ ನಕ್ಷತ್ರ ಎಷ್ಟು ಎನ್ನುತ್ತಾನೆ. ಐದಕ್ಕೆ ಮೂರು,
ಉಬ್ಬಸಕ್ಕೆ ಇನ್ನರ್ಧ, ಹಲ್ಲಿಗೆ ಕಾಲು ಕಡಿತ.
ಲೆಕ್ಕ ನೀನೇ ಮಾಡು, ನನಗೆ ಪಾಳಿಗೆ ಹೊತ್ತಾಯಿತು.
ಎರಡನೇ ಸಂಚಿಕೆ ನನ್ನ ಹೆಸರಲ್ಲಿ ತೆಗೆದಿಡು.
ಬೂಟು ಸಿಕ್ಕಿತೋ ಇಲ್ಲವೋ
ಇನ್ನೂ ಯಾರೂ ಹೇಳಿಲ್ಲ.