ಟ್ಯಾಂಕಿನೊಳಗಿನ ಜೂನ್

ಮನೆ ಕೊಂಡಾಗ ಕಾಗದದಲ್ಲಿ ಬರೆದದ್ದು ಇಷ್ಟು:
ಮೂರು ಕೋಣೆ, ಒಂದು ಷೆಡ್ಡು, ತಂತಿಬೇಲಿ,
ಸುಕ್ಕು ತಗಡಿನ ಟ್ಯಾಂಕು, ಇಪ್ಪತ್ತೆರಡು ಸಾವಿರ ಲೀಟರಿನದು.
ಒಳಗೆ ನೀರಿದೆಯೋ ಇಲ್ಲವೋ
ವಕೀಲನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೀಲಿಕೈ ಕೊಡುವ ದಿನ ಬೆರಿಲ್ ಟ್ರೆಗೆನ್ಜಾ
ನನ್ನನ್ನು ಟ್ಯಾಂಕಿನ ಬಳಿ ನಿಲ್ಲಿಸಿಕೊಂಡು
ಬೆರಳ ಗೆಣ್ಣಿನಿಂದ ತಗಡು ತಟ್ಟಿದಳು,
ಮೇಲಿನ ಸುಕ್ಕಿನಿಂದ ಕೆಳಗಿನ ಸುಕ್ಕಿಗೆ,
ಬಾಗಿಲು ತೆರೆಯದವರ ಮನೆಯೆದುರು ನಿಂತ ಹಾಗೆ.
ಟಣ್. ಟಣ್. ಟಣ್. ಟಣ್.
ಆಮೇಲೆ ಒಂದು ಕಡೆ, ಧಪ್.
"ಕೇಳಿತಾ? ಇಲ್ಲಿಂದ ಕೆಳಗೆ ಜೂನ್."

ದಕ್ಷಿಣ ಆಸ್ಟ್ರೇಲಿಯಾದ ಈ ಗೋಧಿಯೂರಲ್ಲಿ
ಮಳೆ ಚಳಿಗಾಲದ ನೆಂಟ,
ಬಂದರೂ ಕೋಟು ಬಿಚ್ಚುವುದಿಲ್ಲ.
ಗಿಡಗಳಿಗೆ ಬಾಯಾರುವುದು ಜನವರಿಯಲ್ಲಿ,
ನಲವತ್ತನಾಲ್ಕು ಡಿಗ್ರಿಗೆ
ಬೇಲಿಯ ತಂತಿ ಮುಟ್ಟಿದರೆ ಚುರ್ರೆನ್ನುವಾಗ.
ಒಬ್ಬರ ಮುಖ ಒಬ್ಬರು ಕಾಣದ ಇಬ್ಬರನ್ನು
ಕೂಡಿಸುವ ದಲ್ಲಾಳಿ ಈ ಟ್ಯಾಂಕು.

ಬೆರಿಲ್ ಕಲಿಸಿದ್ದು, ಒಂದೇ ಉಸಿರಿಗೆ:
ಮೊದಲ ಮಳೆಯನ್ನು ನಂಬಬೇಡ.
ಅದು ಚಾವಣಿ ತೊಳೆಯಲು ಬಂದ ಆಳು,
ಗಲಾ ಗಿಳಿಯ ಹಿಕ್ಕೆ, ಕೊಯ್ಲಿನ ಧೂಳು, ನೀಲಗಿರಿ ಎಲೆ
ಎಲ್ಲ ಹೊತ್ತು ತರುತ್ತದೆ. ಅಡ್ಡ ಕೊಳವೆಯಲ್ಲಿ ತಡೆ.
ಕೊಳವೆ ತುಂಬಿ, ಚೆಂಡು ತೇಲಿ, ಬಾಯಿ ಮುಚ್ಚಿದ ಮೇಲೆ
ಬರುವುದು ನಿನ್ನದು.
ಒಂದು ಚದರ ಮೀಟರಿಗೆ ಒಂದು ಮಿಲಿಮೀಟರು, ಒಂದು ಲೀಟರು.
ಮೋಡ ಲೆಕ್ಕ ತಪ್ಪುವುದಿಲ್ಲ,
ಕದಿಯುವುದೆಲ್ಲ ಸೋರುವ ದಂಬೆ.

ಬೇಸಿಗೆ ಬಂತು. ಪೈಪಿನ ತೂತುಗಳಿಂದ
ಜೂನ್ ತೊಟ್ಟಿಕ್ಕಿತು
ಕ್ವಿನ್ಸ್ ಮರದ ಬುಡಕ್ಕೆ, ಲ್ಯಾವೆಂಡರಿಗೆ,
ನನ್ನ ದೆಸ್ಪಿನಾ ನೆಟ್ಟ ಓರೆಗಾನೋ ಪಾತಿಗೆ.
ನಸುಕಿನಲ್ಲಿ ಬಗ್ಗಿ ಮುಟ್ಟಿದರೆ ಮಣ್ಣು ತಣ್ಣಗೆ,
ಯಾರದೋ ಚಳಿಗಾಲದ ಕಿಸೆಗೆ ಕೈಯಿಟ್ಟ ಹಾಗೆ.
ನಾನೂ ತಟ್ಟಲು ಕಲಿತೆ.
ವಾರಕ್ಕೊಂದು ಸುಕ್ಕು ಇಳಿಯುತ್ತಿತ್ತು ಧಪ್ಪು.

ಮಾರ್ಚಿನಲ್ಲಿ ಗೇಟಿನೆದುರು ಹಳೆಯ ಪಿಕಪ್ಪು.
ಬೆರಿಲ್ ಇಳಿದಳು. ಹಿಂದೆ ಎರಡು ಖಾಲಿ ಕ್ಯಾನು.
"ಮನೆ ಮಾರಿದೆ," ಅಂದಳು, "ಟ್ಯಾಂಕೂ ಮಾರಿದೆ.
ನೀರಿನ ಮಾತು ಕಾಗದದಲ್ಲಿ ಇಲ್ಲ."
ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ಇಪ್ಪತ್ತೆಂಟು ವರ್ಷ ಗೋಧಿ ಲಾರಿ ಓಡಿಸಿದವನು ನಾನು.
ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿ ಕಳೆದು
ಕಾಳಿನ ಲೆಕ್ಕ ಬಾಯಲ್ಲೇ ಹೇಳಬಲ್ಲೆ.
ಆದರೆ ಈ ಟ್ಯಾಂಕಿನಲ್ಲಿ ಎಷ್ಟು ಅವಳ ಜೂನ್,
ಎಷ್ಟು ನನ್ನ ನವೆಂಬರಿನ ಆ ಒಂದು ಗುಡುಗು?
ಬೆರೆತದ್ದನ್ನು ಯಾವ ತಕ್ಕಡಿ ಬಿಡಿಸೀತು?

ಕರಾವಳಿಯ ಹೊಸ ಮನೆಯಲ್ಲಿ ಅವಳಿಗೆ ನಲ್ಲಿ ನೀರು,
ಈಜುಕೊಳದ ವಾಸನೆಯದು.
ಇಲ್ಲಿಂದ ಒಯ್ದು ನೆಟ್ಟ ಕ್ವಿನ್ಸ್ ಕಡ್ಡಿ
ಮೂರೆಲೆ ಬಿಟ್ಟು ನಿಂತುಬಿಟ್ಟಿದೆಯಂತೆ.
"ಮುನಿಸಿಕೊಂಡಿದೆ. ತವರಿನ ನೀರು ಬೇಕೇನೋ.
ಹುಚ್ಚಿ ಅನ್ನು ಬೇಕಾದರೆ."

ಅನ್ನಲಿಲ್ಲ. ಕ್ಯಾನು ಹಿಡಿದೆ, ನಲ್ಲಿ ತಿರುಗಿಸಿದೆ.
ಮೊದಲು ಕೆಮ್ಮಿತು, ಒಂದು ಎಲೆ ಉಗುಳಿತು,
ಆಮೇಲೆ ಸಣ್ಣಗೆ, ಚಹಾದ ಬಣ್ಣಕ್ಕೆ, ಬಂತು.
ಎರಡನೆಯ ಕ್ಯಾನು ಅರ್ಧ ತುಂಬುವಷ್ಟರಲ್ಲಿ
ಅವಳೇ ಮುಚ್ಚಿದಳು.
"ಸಾಕು. ತಳದ ನೀರು ಟ್ಯಾಂಕಿನದೇ.
ಅದನ್ನು ಯಾರೂ ಕೇಳಬಾರದು."

ಪಿಕಪ್ಪು ಕಲ್ಲುದಾರಿಗೆ ಇಳಿಯಿತು.
ತುಂಬಿದ ಕ್ಯಾನು ಸುಮ್ಮನಿತ್ತು,
ಅರ್ಧ ತುಂಬಿದ್ದು ತಿರುವಿನವರೆಗೂ
ಮಾತಾಡುತ್ತಲೇ ಹೋಯಿತು.

ಸಂಜೆ ಏಣಿ ಹಾಕಿ ದಂಬೆಯ ಎಲೆ ಬಳಿದೆ.
ಆಕಾಶದಲ್ಲಿ ಏನೂ ಇರಲಿಲ್ಲ.
ಇಳಿದು ಬಂದು ಟ್ಯಾಂಕು ತಟ್ಟಿದೆ, ಮೇಲಿನಿಂದ ಕೆಳಕ್ಕೆ,
ಟಣ್, ಟಣ್, ಟಣ್.
ಕೊನೆಯ ಸುಕ್ಕಿಗೆ ಬರುವ ಮೊದಲು
ಕೈ ತೆಗೆದೆ.