ಅಲ್ ರಮ್ಸಿನಲ್ಲಿ ಕಲ್ಲು ಹಿಡಿದ ಲಂಗರು

ಹಗ್ಗ ಮೊದಲು ಹೇಳಿತು.
ನೀರಿನಿಂದ ಎದ್ದು ನೆಟ್ಟಗೆ ನಿಂತು
ಮೈಯೆಲ್ಲ ಹಿಂಡಿಕೊಂಡು ಜುಂಯ್ ಅಂದಿತು.
ನಾಲ್ಕು ಜನ ಎಳೆದೆವು. ಲಾಂಚು ಮೂತಿ ತಗ್ಗಿಸಿತು,
ಲಂಗರು ಕದಲಲಿಲ್ಲ.

ಬೆಳಗಿನ ಐದೂವರೆ. ಆಚೆ ದಡದಲ್ಲಿ ರಮ್ಸಿನ ದೀಪ,
ದೀಪದ ಹಿಂದೆ ಬೋಳುಬೆಟ್ಟ, ಇನ್ನೂ ಬಣ್ಣ ಬರದ್ದು.
ಐಸಿನ ಪೆಟ್ಟಿಗೆಯಲ್ಲಿ ಹದಿನೇಳು ಹಮೂರು
(ನಮ್ಮಲ್ಲಿ ಇದಕ್ಕೆ ಮುರು ಅಂತಾರೆ, ಯಾರೂ ನಂಬುವುದಿಲ್ಲ),
ಎಂಟಕ್ಕೆ ಹರಾಜು.
ಶಮಾಲ್ ಗಾಳಿ ಮಧ್ಯಾಹ್ನಕ್ಕೆ ಅಂದಿತ್ತು ರೇಡಿಯೋ;
ಬಡಗಣ ಬಾನಂಚು ಆಗಲೇ ಮಣ್ಣುಬಣ್ಣ.

ಲಾಲ್‌ಜಿ ಮಾಂಡವಿಯವನು, ಎಂಜಿನು ಅವನದು:
"ಪೂರಾ ಕೊಡ್ತೇನೆ, ಹರಿದರೆ ಹರೀಲಿ."
ಶಹಾಬು ಚಿತ್ತಗಾಂಗಿನವನು, ಚೂರಿ ತೆಗೆದೇಬಿಟ್ಟ.
ನಾನು ಗಂಗೊಳ್ಳಿಯವನು, ಬಾಯಿಗೆ ಬಂದದ್ದು ಬೈಗುಳ:
ಕಲ್ಲಿಗೋ, ಕಬ್ಬಿಣಕ್ಕೋ, ನಿನ್ನೆ ಸಂಜೆ
"ಇಲ್ಲಿ ಮರಳು, ಇಲ್ಲೇ ಹಾಕಿ" ಅಂದ ನಾಲಿಗೆಗೋ.
ಹ್ವಾಯ್, ಅಂದವ ನಾನೇ.
ಸೀಸದ ಗುಂಡಿನ ತಳಕ್ಕೆ ಸಾಬೂನು ಮೆತ್ತಿ ಇಳಿಸಿದ್ದೆ,
ಮರಳು ಅಂಟಿ ಬಂದಿತ್ತು, ಸುಳ್ಳಲ್ಲ.
ಆದರೆ ಗುಂಡು ಮುಟ್ಟಿದ್ದು ಅಂಗೈಯಗಲ;
ಸಮುದ್ರ ಉಳಿದದ್ದನ್ನು ಹೇಳಿರಲಿಲ್ಲ.

ನಾಖುದಾ ಖಲ್ಫಾನ್ ಚಹಾದ ಲೋಟ ಕೆಳಗಿಟ್ಟ.
ಎಪ್ಪತ್ತೋ ಎಂಬತ್ತೋ, ಅವನಿಗೇ ಲೆಕ್ಕ ತಪ್ಪಿದೆ.
ಮಂಡಿಯೂರಿ, ಬಿಗಿದ ಹಗ್ಗಕ್ಕೆ ಬಾಯಿ ಹಾಕಿ
ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದ.
ಹಲ್ಲಿರುವುದೇ ಆರು.
ಉಪ್ಪು ಉಗುಳಿ ಹೇಳಿದ: "ಹಜರ್. ಕಲ್ಲಿನಡಿ ತೋಳು ತೂರಿದೆ.
ನೀವು ಎಳೆದಷ್ಟೂ ಒಳಗೆ ಹೋಗ್ತದೆ."

ಎರಡು ಮಾರು ಸರಪಳಿ ತರಿಸಿದ.
ಹಗ್ಗದ ಸುತ್ತ ಅದನ್ನೇ ಬಳೆ ಮಾಡಿ ಬೀಗ ಹಾಕಿ
ಬಳೆಗೊಂದು ಸಣ್ಣ ಹಗ್ಗ.
ಬಳೆ ಜಾರಿತು ಕರ್‌ಕರ್ ಅಂತ, ಹದಿನಾಲ್ಕು ಮಾರು,
ಕತ್ತಲಿಗೆ, ಲಂಗರಿನ ಕುತ್ತಿಗೆಯ ತನಕ.
ಅಲ್ಲಿ ತಡೆದದ್ದು ಬೆರಳಿಗೆ ತಿಳಿಯಿತು.

"ಈಗ ದೊಡ್ಡ ಹಗ್ಗ ಬಿಡಿ."
ಬಿಡುವುದೇ ಕಷ್ಟ ಆಯಿತು.
ಒಂದು ಗಂಟೆ ಹಿಡಿದ ಕೈ, ಬೊಕ್ಕೆ ಎದ್ದ ಕೈ,
ಬಿಡು ಅಂದರೆ ಬಿಡುತ್ತದೆಯೇ?
ಲಾಲ್‌ಜಿ ಒಂದೊಂದೇ ಬೆರಳು ಬಿಡಿಸಿಕೊಂಡ.

ನಾನೂ ಶಹಾಬುವೂ ಕಿರುದೋಣಿಗಿಳಿದು
ಸಣ್ಣ ಹಗ್ಗದ ತುದಿ ಹೊತ್ತು ಹುಟ್ಟು ಹಾಕಿದೆವು,
ಲಾಂಚಿನ ಎದುರು ದಿಕ್ಕಿಗೆ, ಲಂಗರಿನ ಬೆನ್ನಾಚೆಗೆ.
"ಶ್ವಯ್, ಶ್ವಯ್" ಅಂದ ಮುದುಕ. ನಿಧಾನ.
ಅಲೆ ಏಳುವಾಗ ಹಿಡಿ, ಇಳಿಯುವಾಗ ಸುಮ್ಮನಿರು.
ಒಂದು ಅಲೆ. ಇನ್ನೊಂದು. ಸುಮ್ಮನೆ.
ಆರನೆಯದೋ ಏಳನೆಯದೋ,
ಸದ್ದೇನೂ ಇಲ್ಲ, ಕೈಯಲ್ಲಿ ಭಾರ ಬದಲಾಯಿತು.
ಅಲ್ಲಿವರೆಗೆ ಎಳೆದದ್ದು ನೆಲವನ್ನು;
ಇದು ಬರೀ ಕಬ್ಬಿಣ. ಮೂವತ್ತು ಕಿಲೋ.
ಶಹಾಬು ನಕ್ಕುಬಿಟ್ಟ. ಅವನು ನಗುವುದು ಕಡಿಮೆ.

ಮೇಲೆ ಬಂತು: ಒಂದು ತೋಳು ಕಿವಿ ಮಡಚಿದ ಹಾಗೆ ಮಡಚಿ,
ಉಗುರಿನಲ್ಲಿ ಹವಳದ ಬಿಳಿ ಪುಡಿ,
ಜೊತೆಗೆ ನಾವು ಹಾಕದ ಒಂದು ಹಗ್ಗ.
ಪಾಚಿ ಹಿಡಿದ ತೆಂಗಿನ ನಾರು, ಹಳೇ ಕಾಲದ್ದು,
ಒಂದು ಗಂಟು,
ತುದಿ ಹರಿದದ್ದಲ್ಲ. ಕೊಯ್ದದ್ದು.

ಖಲ್ಫಾನ್ ಆ ಗಂಟನ್ನು ತಿರುಗಿಸಿ ನೋಡಿದ,
ಮತ್ತೆ ತಿರುಗಿಸಿದ,
ಕಂದೂರದ ಕಿಸೆಗೆ ಒದ್ದೆಯಾಗಿಯೇ ಇಳಿಸಿದ.
ಯಾರದು ಅಂತ ನಾವು ಕೇಳಲಿಲ್ಲ.
ಗಾಳಿ ಬಂದೇಬಿಟ್ಟಿತ್ತು.

ಬರುವಾಗ ದಾರಿಯುದ್ದ ನನ್ನಿಂದ ಹೇಳಿಸಿದ, ಮೂರು ಸಲ:
ಮಿನಾರು ನೀರಿನ ಟಾಕಿಯ ಎಡಕ್ಕೆ ತಾಗಿ,
ಬೆಟ್ಟದ ಸೀಳು ಹಿಮ ಕಾರ್ಖಾನೆಯ ಮೇಲೆ ಬಂದರೆ
ಅಲ್ಲಿ ಹಾಕಬೇಡ.
ಅರಬಿಯಲ್ಲಿ ಎರಡು ಸಲ ಹೇಳಿದೆ. ಮೂರನೆಯದು
ನನ್ನ ಭಾಷೆಯಲ್ಲಿ ಹೇಳು ಅಂದ, ಹೇಳಿದೆ,
ಅರ್ಥವಾದವನ ಹಾಗೆ ತಲೆಯಾಡಿಸಿದ.

ಹರಾಜು ಮುಗಿದಿತ್ತು. ಹಮೂರು ಹೋಟೆಲಿನವನಿಗೆ ಅರ್ಧಕ್ಕೆ ಹೋಯಿತು.
ತಿಂಗಳ ಕೊನೆಗೆ ಸಂಬಳದಲ್ಲಿ
ಲಂಗರಿನ ತೋಳಿಗೆ ನಲವತ್ತು ದಿರ್ಹಂ ಹಿಡಿದ.
ಸಾಬೂನಿಗೆ ಹಿಡಿಯಲಿಲ್ಲ.